ಬಾಗಿಲಿಗೆ ಅಡ್ಡ ಮರದ ಸೇತುವೆ

2025ರ ಫೆಬ್ರವರಿ 16, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತೆರಡು ನಿಮಿಷಕ್ಕೆ ಯೋಗರಾಜ ತನ್ನ ಹದಿನಾಲ್ಕು ತಿಂಗಳ ಕೆಲಸವನ್ನು ಅದರ ಜಾಗದಲ್ಲಿ ಕೂರಿಸಿದ. ನಲವತ್ತಮೂರನೆಯ ನಿಮಿಷಕ್ಕೆ, ತಾನು ಇನ್ನು ಈ ಕೋಣೆಯಿಂದ ಹೊರಗೆ ಹೋಗಲಾರೆ ಎನ್ನುವುದು ಅವನಿಗೆ ತಿಳಿಯಿತು.

ಕೋಣೆ ದೊಡ್ಡದೇನಲ್ಲ. ಶಿವಮೊಗ್ಗದ ವಿನೋಬನಗರದ ಆ ಮನೆಯಲ್ಲಿ ಬೆಳಕು ಚೆನ್ನಾಗಿ ಬೀಳುವ, ಓಣಿಯ ಕಡೆ ಕಿಟಕಿಯಿರುವ ಕೋಣೆ ಅದೊಂದೇ. ನಾಲ್ಕು ಗೋಡೆಗಳ ಉದ್ದಕ್ಕೂ ಎದೆಯೆತ್ತರದ ಮೇಜುಗಳು. ಅವುಗಳ ಮೇಲೆ ಪುಟ್ಟ ಹಳಿ, ಪುಟ್ಟ ನಿಲ್ದಾಣ, ಪ್ಲಾಸ್ಟರಿನ ಗುಡ್ಡ. ಎಲ್ಲವೂ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಮೇಜುಗಳ ಕೆಳಗೆ ಹಳೆಯ ಪುಸ್ತಕ ತುಂಬಿದ ಕಬ್ಬಿಣದ ಪೆಟ್ಟಿಗೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ರೈಲು ಎಲ್ಲೂ ನಿಲ್ಲದೆ ಕೋಣೆಯನ್ನು ಸುತ್ತಬೇಕೆಂದರೆ ಇದ್ದದ್ದು ಒಂದೇ ಅಡ್ಡಿ, ಬಾಗಿಲು. ಅಲ್ಲಿ ಎಡಗಡೆಯ ಮೇಜಿಗೂ ಬಲಗಡೆಯ ಮೇಜಿಗೂ ನಡುವೆ ಮನುಷ್ಯ ಓಡಾಡಲು ಎಂಬತ್ತು ಸೆಂಟಿಮೀಟರ್ ತೆರವು. ಆ ತೆರವಿಗೆ ಬೇಕಾದಾಗ ಇಟ್ಟು ಬೇಡವಾದಾಗ ಎತ್ತಿಡಬಹುದಾದ ಮರದ ಸೇತುವೆಯನ್ನು ಅವನು ಕಟ್ಟಿದ್ದ.

ಮುನ್ನೂರ ನಲವತ್ತಾರು ತೇಗದ ತುಂಡುಗಳ ಸೇತುವೆ. ಕೆಳಗೆ ಕಣಿವೆಯಂತೆ ಕಾಣಲು ಬಿಡಿಯಾಗಿ ಇಡುವ ಹಲಗೆಯಿಂದ ಒಂಬತ್ತು ಸಾಲು ಕಾಲುಗಳು ಮೇಲೇಳುತ್ತಿದ್ದವು, ಪ್ರತಿ ಸಾಲಿಗೂ ಅಡ್ಡಪಟ್ಟಿ, ಓರೆಪಟ್ಟಿ. ಬೋಲ್ಟಿನ ತಲೆಗಳ ಬದಲಿಗೆ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಚಿಟ್ಟೆ ಚುಚ್ಚಿಡುವ ಸೂಜಿಗಳ ತಲೆ. ಮರಕ್ಕೆ ಮೊದಲು ಗಟ್ಟಿ ಚಹಾದ ಡಿಕಾಕ್ಷನ್ ಬಳಿದು, ಒಣಗಿದ ಮೇಲೆ ಉಜ್ಜುವ ಉಕ್ಕಿನ ಎಳೆ, ಸ್ಟೀಲ್ ವುಲ್, ನೆನೆಸಿದ ವಿನೆಗರ್ ಬಳಿದಿದ್ದ. ಚಹಾದ ಒಗರಿನ ಟ್ಯಾನಿನ್ನಿಗೆ ಕಬ್ಬಿಣ ಸೇರಿ, ನಲವತ್ತು ವರ್ಷ ಬಿಸಿಲು ಮಳೆ ಕಂಡ ಮರದ ಬೂದುಬಣ್ಣ ಬಂದಿತ್ತು. ನಡುವೆ ಒಂದು ಕಡೆ ಮಾತ್ರ ಓರೆಪಟ್ಟಿಯೊಂದು ಹೊಸದು, ಮೊನ್ನೆ ಮೊನ್ನೆ ಬದಲಿಸಿದಂತೆ ಕೆಂಪಗೆ. ಅದು ಅವನ ಅಪ್ಪ ಪುಟ್ಟಪ್ಪ ಹೇಳಿದ್ದ ವಿವರ. ಪುಟ್ಟಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದರು, ಎಂದರೆ ಎರಕದ ಅಚ್ಚಿಗೆ ಮೊದಲು ಮರದಲ್ಲಿ ಮಾದರಿ ಕೆತ್ತುವವರು. ಹುಡುಗನಾಗಿದ್ದಾಗ ಕಾಡಿನಿಂದ ಕಟ್ಟಿಗೆ ತರುವ ಟ್ರಾಮ್ ಗಾಡಿ ಹತ್ತಿ ಇಂಥದೊಂದು ಸೇತುವೆ ದಾಟಿದ್ದರಂತೆ. 'ಒಂದು ಪಟ್ಟಿ ಹೊಸದಿತ್ತು ಕಣೋ, ಅದನ್ನ ನೋಡಿದ್ಮೇಲೇ ನಂಗೆ ಹೆದ್ರಿಕೆ ಆಗಿದ್ದು. ಉಳಿದಿದ್ದೆಲ್ಲಾ ಹಳೇದು ಅಂತ ಆಗ ಗೊತ್ತಾಯ್ತು' ಎನ್ನುತ್ತಿದ್ದರು.

ಈ ಬೆಳಿಗ್ಗೆ ಸೇತುವೆಯನ್ನು ತೆರವಿಗೆ ಇಳಿಸಲು ಹೋದಾಗ ಅದು ಕೂರಲಿಲ್ಲ. ಸ್ವಲ್ಪವೇ ಉದ್ದ. ಮೇಜು ಸರಿದಿರಬೇಕು ಎಂದುಕೊಂಡ ಯೋಗರಾಜ. ಸೇತುವೆ ತಪ್ಪಿರಬಹುದೆಂಬ ಯೋಚನೆ ಅವನ ಹತ್ತಿರ ಸುಳಿಯಲಿಲ್ಲ. ಬಲಗಡೆಯ ಮೇಜಿನ ಬೋಲ್ಟು ಸಡಿಲಿಸಿ, ಭುಜ ಕೊಟ್ಟು ಗೋಡೆಯ ಕಡೆ ತಳ್ಳಿದ. ಮೇಜಿಗೂ ಗೋಡೆಗೂ ನಡುವೆ ಅದುರು ತಡೆಯಲು ಇಟ್ಟಿದ್ದ ರಬ್ಬರ್ ತುಂಡುಗಳು ಅಮುಕಿದವು, ಸೇತುವೆ ಇಳಿಯಿತು. ಭುಜ ತೆಗೆದದ್ದೇ ತಡ ರಬ್ಬರ್ ಮೇಜನ್ನು ವಾಪಸು ದೂಡಿತು. ಸೇತುವೆಯ ಬಲತುದಿಯ ಎರಡು ಹಿತ್ತಾಳೆ ಮೊಳೆಗಳು ಮೇಜಿನ ತೂತುಗಳಿಗೆ, ಚಿಲಕ ಹಾಕಿದ ಹಾಗೆ, ಹೊಕ್ಕವು. ಅದೇ ಕ್ಷಣ ಮೇಜಿನ ಹಿಂದಿನ ಅಂಚಿನಲ್ಲಿದ್ದ ತೇಗದ ಎರಡು ಪಟ್ಟಿಗಳು ಗೋಡೆಯ ಸಂದಿಗೆ ಜಾರಿ ಬಿದ್ದವು.

ಅವನು ಮತ್ತೆ ಭುಜ ಕೊಟ್ಟ. ಮೇಜು ಎರಡು ಮಿಲಿಮೀಟರ್ ಸರಿದು ಪಟ್ಟಿಗಳಿಗೆ ಬಡಿದು ನಿಂತಿತು. ಮೊಳೆಗಳು ಬಿಡಿಸಿಕೊಳ್ಳಲು ಬೇಕಾದದ್ದು ಆರು ಮಿಲಿಮೀಟರ್.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಯಾರಾಗಿಯೇ ಅವನು ಒಳಗೆ ಬಂದಿದ್ದ. ಸೇತುವೆ ಕೂರಿಸಿ, ಒಂದು ಫೋಟೋ ತೆಗೆದು, ಒಂಬತ್ತೂ ಕಾಲರ ಬಸ್ಸು ಹಿಡಿದು ಭದ್ರಾವತಿಗೆ ಹೋಗುವುದು ಲೆಕ್ಕಾಚಾರ. ಹನ್ನೊಂದಕ್ಕೆ ಅವನು ಅಲ್ಲಿನ ಜನ್ನಾಪುರದಲ್ಲಿರಬೇಕಿತ್ತು.

ಅಲ್ಲಿ ಹೆಂಡತಿ ಯಶೋಧರಾ ಕಾಯುತ್ತಿದ್ದಳು. ಆರು ವಾರದ ಹಿಂದೆ ಅಕ್ಕ ಚಿನ್ನಮ್ಮನ ಮನೆಗೆ ಹೋದವಳು ತಿರುಗಿ ಬಂದಿರಲಿಲ್ಲ. ಜಗಳ ಎನ್ನುವಂಥದ್ದು ನಡೆದಿರಲಿಲ್ಲ. ಈ ಕೋಣೆ ಮೊದಲು ಅವಳದಾಗಿತ್ತು. ಕಿಟಕಿಯ ಕೆಳಗೆ ಹೊಲಿಗೆ ಮಶೀನು, ಬೀದಿಯ ಅರ್ಧ ಹೆಂಗಸರ ರವಿಕೆ ಅಲ್ಲೇ ಹೊಲಿದದ್ದು. ರೈಲು ಬಂದಾಗ ಮಶೀನು ಕೋಣೆಯ ಮೂಲೆಗೆ ಹೋಯಿತು. ಗುಡ್ಡ ಬಂದಾಗ ಹಾಲಿಗೆ, ಟಿವಿ ಕಾಣುವುದಿಲ್ಲವೆಂದು ಹಾಲಿನಿಂದ ಅಡುಗೆಮನೆಯ ಬಾಗಿಲ ಹಿಂದಕ್ಕೆ. ಪ್ರತಿ ಸಲವೂ ಅವನು ಅಳತೆ ಹಿಡಿದು, 'ಸರಿಹೋಗುತ್ತೆ ಯಶೋಧಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ' ಎಂದಿದ್ದ.

ಹೋದ ಗುರುವಾರ ಅವಳು ಫೋನು ಮಾಡಿದ್ದಳು. 'ಇಲ್ಲೊಂದು ಮಳಿಗೆ ಖಾಲಿ ಇದೆ ರೀ. ಮಶೀನು ಇಲ್ಲಿಗೇ ತರಿಸ್ಕೊಂಡು, ಅಕ್ಕನ ಮನೇಲಿದ್ದು ಹೊಲ್ಕೊಂಡಿರ್ತೀನಿ ಅಂತ. ಭಾನುವಾರ ಹನ್ನೊಂದು ಗಂಟೆಗೆ ಬನ್ನಿ. ನೀವು ಬಂದು ಬೇಡ ಅಂದ್ರೆ, ಮನೇಲಿ ಜಾಗ ಎಲ್ಲಿ ಅಂತ ಕೂತು ಮಾತಾಡೋಣ. ಬರ್ಲಿಲ್ಲ ಅಂದ್ರೆ ಮಳಿಗೆಯವ್ರಿಗೆ ಹ್ಞೂಂ ಅಂದ್ಬಿಡ್ತೀನಿ.'

'ಬರ್ದೇ ಇರ್ತೀನಾ?' ಎಂದಿದ್ದ.

'ಮೂರು ಸಲ ಬರ್ತೀನಿ ಅಂದಿದೀರಿ. ಒಂದ್ಸಲ ಅಂಟು ಒಣಗ್ಬೇಕಿತ್ತು. ಇನ್ನೆರಡು ಸಲ ಏನೋ ನಂಗೆ ನೆನಪಿಲ್ಲ.'

ಈಗ ಅವನ ಮೊಬೈಲು ಹಾಲಿನಲ್ಲಿ ಚಾರ್ಜಿಗೆ ಇತ್ತು. ಇಲ್ಲಿಂದ ಕಾಣುತ್ತಿತ್ತು, ನಾಲ್ಕೇ ಹೆಜ್ಜೆ.

ಮೊದಲು ತಂತಿಗೆ ಕೊಕ್ಕೆ ಮಾಡಿ ಪಟ್ಟಿಗಳನ್ನು ಎತ್ತಲು ನೋಡಿದ. ಗುಡ್ಡ ಅಡ್ಡ ಬಂತು. ಕೈ ಸಂದಿಯವರೆಗೂ ಎಟುಕಲಿಲ್ಲ. ಎದೆಯೆತ್ತರದ ಸೇತುವೆಯ ಮೇಲೆ ಹತ್ತಿ ದಾಟಿದರೆ ಅದು ಮುರಿಯುತ್ತಿತ್ತು. ಆಮೇಲೆ ಅದರ ಕೆಳಗೆ ತೂರುವ ಯೋಚನೆ. ಕಣಿವೆಯ ಹಲಗೆ ನೆಲದಿಂದ ನಲವತ್ತೈದು ಸೆಂಟಿಮೀಟರ್ ಮೇಲಿತ್ತು, ಸಣಕಲು ಮನುಷ್ಯ ಹೊಟ್ಟೆ ಎಳೆದುಕೊಂಡು ಆಚೆ ಹೋಗಬಹುದು. ಆದರೆ ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಅವನ ಬಲಮಂಡಿಯ ಚಿಪ್ಪು ಒಡೆದಿತ್ತು; ತಂತಿ ಬಿಗಿದ ಆ ಮಂಡಿ ಅರವತ್ತು ಡಿಗ್ರಿಗಿಂತ ಹೆಚ್ಚು ಮಡಚುತ್ತಿರಲಿಲ್ಲ. ಬಲಗಾಲನ್ನು ಕೋಲಿನಂತೆ ಚಾಚಿಕೊಂಡು, ಕೈಯೂರಿ, ಹೇಗೋ ನೆಲಕ್ಕಿಳಿದು ಅಂಗಾತ ಮಲಗಿದ. ತಲೆ ಮತ್ತು ಒಂದು ಭುಜ ಹಲಗೆಯ ಕೆಳಗೆ ಹೋದವು. ಮುಂದಕ್ಕೆ ದೂಡಿಕೊಳ್ಳಲು ಕಾಲಿಗೆ ಹಿಡಿತ ಸಿಗಲಿಲ್ಲ, ಹಿಂದಕ್ಕೆ ಬರಲು ಮಂಡಿ ಒಪ್ಪಲಿಲ್ಲ. ಹಲಗೆಯ ಅಡಿಭಾಗದಲ್ಲಿ ತಾನೇ ಪೆನ್ಸಿಲಿನಿಂದ ಬರೆದಿದ್ದ ಅಳತೆಗಳು ಮೂಗಿನಿಂದ ಒಂದು ಗೇಣು ದೂರದಲ್ಲಿದ್ದವು. ಉಸಿರಿಗೆ ಮರದ ಪುಡಿ ಸಿಕ್ಕಿ ಕೆಮ್ಮು ಬಂತು; ಕೆಮ್ಮಿದಾಗ ಹಣೆ ಹಲಗೆಗೆ ಬಡಿಯಿತು. ಹಾಗೆ ಎಷ್ಟು ಹೊತ್ತು ಬಿದ್ದಿದ್ದನೋ, ತಿರುಗಿ ಎದ್ದು ನಿಂತಾಗ ಗಡಿಯಾರ ಒಂಬತ್ತೂ ಮೂವತ್ತೈದು ತೋರಿಸುತ್ತಿತ್ತು. ಅಂಗಿಯ ತುಂಬ ಧೂಳು.

ಕಿಟಕಿಯ ಹೊರಗೆ ಪಕ್ಕದ ಮನೆಯ ಲಿಂಗಪ್ಪ ಹೋಗುತ್ತಿದ್ದ. ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ಈಗಲೂ ಯಾರನ್ನು ಕಂಡರೂ ಒಳಗೆ ಸರಿಯಿರಿ ಎನ್ನುವ ದನಿ.

'ಲಿಂಗಪ್ಪನವ್ರೇ! ಸ್ವಲ್ಪ ಬನ್ನಿ ಇಲ್ಲಿ.'

'ಏನ್ ಮೇಷ್ಟ್ರೇ, ಭಾನುವಾರಾನೂ ರಜಾ ಇಲ್ವಾ ನಿಮ್ಮ ರೈಲಿಗೆ?'

'ಒಳಗೆ ಸಿಕ್ಕಿಹಾಕ್ಕೊಂಡಿದೀನಿ.'

'ಯಾರು ಬೀಗ ಹಾಕಿದ್ದು?'

'ಬೀಗ ಅಲ್ಲ. ಸೇತುವೆ. ತೆಗೆಯಕ್ಕೆ ಬರ್ತಿಲ್ಲ.'

ಲಿಂಗಪ್ಪ ಗ್ರಿಲ್ಲಿಗೆ ಮುಖ ಒತ್ತಿ ಒಳಗೆ ನೋಡಿದ. 'ಅದಾ? ಅಲ್ಲ ಮಾರಾಯ್ರೇ, ಅದು ಬೆಂಕಿಕಡ್ಡೀಲಿ ಮಾಡಿದಂಗಿದೆ. ಒಂದು ಒದ್ದರೆ ಮುಗೀತು.'

'ಹದಿನಾಲ್ಕು ತಿಂಗಳ ಕೆಲಸ ಕಣ್ರೀ.'

'ಮತ್ತೆ ಅಲ್ಲೇ ಇರಿ. ಗ್ರಿಲ್ಲಿನ ಸಂದೀಲಿ ಎರಡು ಬಾಳೆಹಣ್ಣು ಕೊಡ್ಲಾ?' ಎಂದವನು, ಯೋಗರಾಜನ ಮುಖ ನೋಡಿ ದನಿ ತಗ್ಗಿಸಿದ. 'ಮುಂಬಾಗ್ಲು ಒಡೆಸ್ಲಾ? ಹುಡುಗ್ರನ್ನ ಕರೀತೀನಿ.'

'ಒಡೆದು ಒಳಗೆ ಬಂದ್ರೂ ಈ ಬಾಗ್ಲಲ್ಲಿ ನಿಂತ್ಕೋಬೇಕಷ್ಟೆ. ನಿಮ್ಮ ಮೊಬೈಲಲ್ಲಿ ಯಶೋಧರಾ ನಂಬರ್ ಇದೆಯಾ? ನಂಗೆ ಬಾಯಲ್ಲಿ ಬರಲ್ಲ.'

ಇತ್ತು. ಅವಳು ಲಿಂಗಪ್ಪನ ಮಗಳ ಮದುವೆಗೆ ಏಳು ರವಿಕೆ ಹೊಲಿದಿದ್ದಳು. ಲಿಂಗಪ್ಪ ಸ್ಪೀಕರ್ ಹಾಕಿ ಮೊಬೈಲನ್ನು ಗ್ರಿಲ್ಲಿಗೆ ಹಿಡಿದ. ಯೋಗರಾಜ ಕಿಟಕಿಯ ಕಡೆಯ ಮೇಜಿನ ಮೇಲೆ ಬಾಗಿ, ಪುಟ್ಟ ನಿಲ್ದಾಣದ ಮೇಲೆ ಹೊಟ್ಟೆ ತಾಗದಂತೆ ನೋಡಿಕೊಳ್ಳುತ್ತ, ನಡೆದದ್ದನ್ನು ಹೇಳಿದ. ಮೊಳೆ, ರಬ್ಬರು, ಪಟ್ಟಿ, ಎರಡು ಮಿಲಿಮೀಟರು, ಆರು ಮಿಲಿಮೀಟರು.

ಮೊದಲು ಆ ಕಡೆಯಿಂದ ನಗು ಬಂತು, ಹಿಂದೆಯೇ ಚಿನ್ನಮ್ಮನ ನಗುವೂ. ನಗು ನಿಂತ ಮೇಲೆ ಯಶೋಧರಾ ಕೇಳಿದಳು:

'ಗರಗಸ ಎಲ್ಲಿದೆ ರೀ?'

 ಗರಗಸ ಅವನ ಬಲಗೈಯ ಪಕ್ಕದಲ್ಲಿತ್ತು.

'ಹತ್ರಾನೇ ಇರುತ್ತೆ, ನಂಗೊತ್ತು' ಎಂದಳು. 'ಹನ್ನೊಂದಕ್ಕೆ ಆಗಲ್ಲ ಬಿಡಿ. ಒಂದು ಗಂಟೆವರೆಗೂ ಕಾಯ್ತೀನಿ. ಮಳಿಗೆಯವ್ರಿಗೂ ಹೇಳ್ತೀನಿ.' ಫೋನು ನಿಂತಿತು.

ಲಿಂಗಪ್ಪ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ತಮಾಷೆ ಏನೂ ಮಾಡದೆ ಹೊರಟುಹೋದ. ಅದು ಯೋಗರಾಜನಿಗೆ ಹೆಚ್ಚು ಚುಚ್ಚಿತು.

ಅವಳು ಫೋನಿಟ್ಟ ಮೇಲೆ ಕೋಣೆ ಇನ್ನೂ ಚಿಕ್ಕದಾದಂತಿತ್ತು. ಇಲ್ಲಿಯವರೆಗೆ ಅವನನ್ನು ಹಿಡಿದಿಟ್ಟದ್ದು ಮೊಳೆ ಮತ್ತು ಪಟ್ಟಿ. ಈಗ ಅದು ನೆಪವೆಂದು ಅವಳು ಹೇಳಿಬಿಟ್ಟಿದ್ದಳು. ಅವನು ಗರಗಸ ಮುಟ್ಟಲಿಲ್ಲ. ಕಾರಣ ಹುಡುಕಲು ಕೂತ. ಎಲ್ಲ ತಪ್ಪಿಗೂ ಕಾರಣವಿರುತ್ತದೆ, ಕಾರಣ ಸಿಕ್ಕರೆ ದಾರಿ ಸಿಗುತ್ತದೆ ಎಂದು ಇಪ್ಪತ್ತೊಂಬತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು. ಟಿಪ್ಪಣಿ ಪುಸ್ತಕ ತೆಗೆದ. ತೆರವು: 800 ಮಿ.ಮೀ. ಸೇತುವೆ: 400ರ ಎರಡು ಭಾಗ, ಒಟ್ಟು 800. ಅಪ್ಪನ ಸ್ಕೇಲನ್ನು ಸೇತುವೆಯ ಮೇಲೆ ಇಟ್ಟು ಮತ್ತೆ ಅಳೆದ. ಎಂಟುನೂರೇ. ತೇಗ ಹಿಗ್ಗಿರಬಹುದೇ? ಉದ್ದಕ್ಕೆ ಮರ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು, ಅದೂ ಫೆಬ್ರವರಿಯ ಒಣ ಗಾಳಿಯಲ್ಲಿ. ಗೋಡೆ ಬಾಗಿದೆಯೇ? ತೂಗುಗುಂಡು ಇಳಿಬಿಟ್ಟು ನೋಡಿದ. ಗೋಡೆ ನೆಟ್ಟಗಿತ್ತು. ಹತ್ತೂವರೆ ಆಯಿತು. ಹಾಲಿನಲ್ಲಿ ಅವನ ಮೊಬೈಲು ಒಮ್ಮೆ ಹೊಡೆದುಕೊಂಡು ಸುಮ್ಮನಾಯಿತು. ಯಾರೆಂದು ತಿಳಿಯುವಂತಿರಲಿಲ್ಲ.

ಬಾಯಾರಿತ್ತು. ಕೋಣೆಯಲ್ಲಿ ಇದ್ದ ದ್ರವವೆಂದರೆ ಬಣ್ಣಕ್ಕಿಟ್ಟ ತಣ್ಣನೆಯ ಚಹಾದ ಡಿಕಾಕ್ಷನ್. ಅದನ್ನೇ ಎರಡು ಗುಟುಕು ಕುಡಿದು ಮುಖ ಸಿಂಡರಿಸಿದ.

ಅಪ್ಪನ ಸ್ಕೇಲು ಅರವತ್ತು ಸೆಂಟಿಮೀಟರಿನ ಉಕ್ಕಿನ ಪಟ್ಟಿ. ಗೆರೆಗಳು ಕೂದಲೆಳೆಯಷ್ಟು ಸಣ್ಣ, ಸ್ಪಷ್ಟ. ಹದಿನಾಲ್ಕು ತಿಂಗಳಲ್ಲಿ ಸೇತುವೆಯ ಒಂದೊಂದು ತುಂಡನ್ನೂ ಅವನು ಅದರಿಂದಲೇ ಗುರುತು ಮಾಡಿದ್ದ. ತೆರವನ್ನು ಮಾತ್ರ ಬೇರೆ ಟೇಪಿನಿಂದ ಅಳೆದಿದ್ದ, ಸ್ಕೇಲಿನ ಉದ್ದ ಸಾಲದಿದ್ದದ್ದಕ್ಕೆ. ಇಷ್ಟು ಹೊಳೆದದ್ದೇ ತಡ, ಟೇಪನ್ನು ಎಳೆದು ಸ್ಕೇಲಿನ ಪಕ್ಕ ಇಟ್ಟ. ಸೊನ್ನೆಗೆ ಸೊನ್ನೆ ಸರಿಯಾಗಿ ಹಿಡಿದ. ಹತ್ತರ ಬಳಿ ಎರಡೂ ಗೆರೆ ಚೂರೇ ಆಚೀಚೆ. ಮೂವತ್ತರಲ್ಲಿ ಮೂರು ಮಿಲಿಮೀಟರ್ ವ್ಯತ್ಯಾಸ. ಸ್ಕೇಲು ಅರವತ್ತು ಎಂದ ಕಡೆ ಟೇಪು ಅರವತ್ತು ಪಾಯಿಂಟ್ ಆರು ಎನ್ನುತ್ತಿತ್ತು.

ನೂರಕ್ಕೆ ಒಂದು.

ಆಗ ಜನ್ನಾಪುರದ ಹಳೆಯ ಮನೆಯ ಜಗಲಿ ನೆನಪಾಯಿತು. ಏಳನೆಯ ಕ್ಲಾಸು, ಚಿತ್ರ ಬರೆಯಲು ಅಪ್ಪನ ಚೀಲದಿಂದ ಈ ಸ್ಕೇಲು ತೆಗೆದಿದ್ದ. ಪುಟ್ಟಪ್ಪ ಕೈಯಿಂದ ಕಿತ್ತುಕೊಂಡು, 'ಇದು ಕಾರ್ಖಾನೆ ಶಾಪಿನ ಸ್ಕೇಲು, ಮನೇದಲ್ಲ' ಎಂದಿದ್ದರು. 'ಕಾದ ಕಬ್ಬಿಣ ಆರಿದ್ಮೇಲೆ ಕುಗ್ಗುತ್ತೆ ಮಗಾ. ಕುಗ್ಗೋದು ಎಷ್ಟೋ ಅಷ್ಟು ದೊಡ್ಡದಾಗೇ ಮಾದರಿ ಮಾಡ್ಬೇಕು. ಅದಕ್ಕೇ ಈ ಸ್ಕೇಲ್ನೇ ಉದ್ದ ಮಾಡಿಟ್ಟಿರ್ತಾರೆ. ಇದ್ರಲ್ಲಿ ಅಳೆದಿದ್ದು ಇನ್ನೂ ಕುಗ್ಗೋ ವಸ್ತುವಿಗೆ ಮಾತ್ರ ಸರಿ.' ಅವನು ಕೇಳಿದ್ದ, ಆದರೆ ಮನಸ್ಸು ಚಿತ್ರದ ಮೇಲಿತ್ತು. ಅಪ್ಪ ಹೋದ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಇದೊಂದೇ ಸ್ಕೇಲು. ಪ್ರತಿ ಜೂನಿನಲ್ಲೂ ಲ್ಯಾಬಿನ ಮೊದಲ ತರಗತಿಯಲ್ಲಿ, ಅಳೆಯುವ ಮೊದಲು ಉಪಕರಣದ ದೋಷ ನೋಡಿಕೊಳ್ಳಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನು ಅದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಯಶೋಧರಾ ಪ್ರತಿ ಯುಗಾದಿಗೂ ತನ್ನ ಬಟ್ಟೆಯ ಟೇಪನ್ನು ಎಸೆದು ಹೊಸದು ತರುತ್ತಿದ್ದಳು. 'ಎಳೆದೂ ಎಳೆದೂ ಉದ್ದ ಆಗಿರುತ್ತೆ ರೀ, ರವಿಕೆ ದೊಗಲೆ ಆಗುತ್ತೆ' ಎಂದಾಗ ಅವನು ನಕ್ಕಿದ್ದ.

ಅವನು ಕೋಣೆಯ ಸುತ್ತ ಕಣ್ಣಾಡಿಸಿದ. ಮಶೀನು ಇದ್ದ ಜಾಗ, ಮೂಲೆ, ಹಾಲು, ಅಡುಗೆಮನೆಯ ಬಾಗಿಲ ಹಿಂದಿನ ಕತ್ತಲು. ಅವಳ ಜಾಗ ಇನ್ನೂ ಕುಗ್ಗುತ್ತದೆ ಎಂದು ಲೆಕ್ಕ ಹಾಕಿಯೇ ಅವನು ಎಲ್ಲವನ್ನೂ ಅಳೆದಿದ್ದ.

ಹನ್ನೊಂದೂ ಎಂಟಕ್ಕೆ ಗರಗಸ ಎತ್ತಿಕೊಂಡ.

ಎಲ್ಲಿ ಕೊಯ್ಯುವುದು ಎನ್ನುವುದಕ್ಕೇ ಹತ್ತು ನಿಮಿಷ ಹೋಯಿತು. ಕಡೆಗೆ ನಡುವೆ, ಎರಡು ಅರ್ಧಗಳು ಸೇರುವಲ್ಲಿ, ಆ ಕೆಂಪು ಪಟ್ಟಿಯ ಪಕ್ಕ ಇಟ್ಟ. ತೆಳ್ಳನೆಯ ಅಲಗು ಹಳಿಯ ನಡುವಿನ ಹಲಗೆಗಳನ್ನು ಸುಲಭವಾಗಿ ದಾಟಿತು. ಉದ್ದದ ತೊಲೆಗಳಿಗೆ ಬಂದಾಗ ಬಿಗಿಯಾಯಿತು. ಎರಡೂ ಕಡೆಯಿಂದ ಮೇಜುಗಳು ಸೇತುವೆಯನ್ನು ಅದುಮುತ್ತಿದ್ದವು. ಕೊಯ್ದ ಸೀಳು ಅಗಲವಾಗುವ ಬದಲು ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಎಳೆತಕ್ಕೆ ತೊಲೆ ತುಂಡಾಗಿ, ಸೇತುವೆ ಟಕ್ಕೆಂದು ಗರಗಸವನ್ನೇ ಕಚ್ಚಿ ಹಿಡಿಯಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಸೇತುವೆ ಹಾಳಾಗಿತ್ತು, ಬಾಗಿಲು ಮುಚ್ಚಿಯೇ ಇತ್ತು.

ಅವನು ಗರಗಸದ ಹಿಡಿ ಬಿಟ್ಟು, ಸೀಳನ್ನು ಬಗ್ಗಿ ನೋಡಿದ.

ಒಂದು ಸೀಳು ಸಾಲದು. ಒತ್ತಡ ಹೋಗಬೇಕಾದರೆ ನಡುವಿನಿಂದ ಒಂದು ಹೋಳು ಹೊರಗೆ ಬರಬೇಕು. ಎಷ್ಟು ದಪ್ಪ? ಪೆನ್ಸಿಲು ಹಿಡಿದ ಮೇಲೆ ನಗು ಬಂತು. ಎಂಟುನೂರಕ್ಕೆ ನೂರಕ್ಕೊಂದರಂತೆ ಎಂಟು ಮಿಲಿಮೀಟರ್. ತಪ್ಪು ಎಷ್ಟಿತ್ತೋ ಅಷ್ಟೇ ತೆಗೆಯುವುದು. ಈ ಸಲ ಟೇಪಿನಿಂದ ಅಳೆದು ಗೆರೆ ಎಳೆದ. ಕಬ್ಬಿಣ ಕೊಯ್ಯುವ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು ಎರಡನೆಯ ಸೀಳು ಹಾಕಿದ. ಅಲುಗಿದಾಗಲೆಲ್ಲ ಸೂಜಿತಲೆಗಳು ಉದುರಿ ಕಣಿವೆಯ ಹಲಗೆಯ ಮೇಲೆ ಟಿಣ್ ಟಿಣ್ ಎಂದವು. ಬೆರಳಿನ ಗಂಟು ಸುಲಿಯಿತು. ಹನ್ನೊಂದೂ ಐವತ್ತಕ್ಕೆ ಹೋಳು ಕಳಚಿ ಬಿತ್ತು, ಗರಗಸವೂ ಅದರ ಜೊತೆ. ಬಲ ಅರ್ಧವನ್ನು ಎಡಕ್ಕೆ ಎಳೆದ. ಹಿತ್ತಾಳೆ ಮೊಳೆಗಳು ಆರು ಮಿಲಿಮೀಟರ್ ಸರಿದು ಹೊರಗೆ ಬಂದವು. ಎರಡು ಅರ್ಧಗಳನ್ನೂ ಕಣಿವೆಯ ಹಲಗೆಯನ್ನೂ ಎತ್ತಿ ಬದಿಗಿಟ್ಟ.

ಹೋಳನ್ನೂ ಅಪ್ಪನ ಸ್ಕೇಲನ್ನೂ ಚೀಲಕ್ಕೆ ಹಾಕಿಕೊಂಡು ಹೊರಟ. ಅಂಗಿ ಬದಲಿಸಲಿಲ್ಲ. ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು; ಭದ್ರಾವತಿಯ ಓಲ್ಡ್ ಟೌನ್ ದಾಟುವಾಗ ಒಂದು ಗಂಟೆ ಆಗಿಹೋಗಿತ್ತು. ಆಟೋ ಜನ್ನಾಪುರದ ಆ ಮಳಿಗೆಯ ಮುಂದೆ ನಿಂತಾಗ ಒಂದೂ ಹದಿನೆಂಟು. ಷಟರು ಅರ್ಧ ಇಳಿದಿತ್ತು.

'ಬಂದ್ರಪ್ಪಾ ಇಂಜಿನ್ ಡ್ರೈವರ್ರು' ಎಂದಳು ಮೆಟ್ಟಿಲ ಮೇಲೆ ಕೂತಿದ್ದ ಚಿನ್ನಮ್ಮ. 'ಲೇಟಾಗಿದ್ದಕ್ಕೆ ಮೈಕಲ್ಲಿ ವಿಷಾದ ಹೇಳಲ್ವಾ?'

ಅವನು ತಲೆ ತಗ್ಗಿಸಿ ಒಳಗೆ ಹೋದ. ಯಶೋಧರಾ ಗೋಡೆಯ ಉದ್ದವನ್ನು ಟೇಪಿನಿಂದ ಅಳೆಯುತ್ತಿದ್ದಳು. ಅವನ ಅಂಗಿ, ಸುಲಿದ ಬೆರಳು ನೋಡಿದಳು.

'ಹದಿನೆಂಟು ನಿಮಿಷ ತಡ' ಎಂದ ಅವನೇ. 'ಹ್ಞೂಂ ಅಂದ್ಬಿಟ್ಯಾ?'

'ನಿಮಗೆ ಒಂದು ಗಂಟೆ ಅಂದಿದ್ದೆ, ಅವ್ರಿಗೆ ಎರಡು ಗಂಟೆ ಅಂದಿದೀನಿ. ಬಟ್ಟೆ ಕತ್ತರಿಸೋವಾಗ ಒಳಗೆ ಸ್ವಲ್ಪ ಬಿಟ್ಟಿರ್ತೀವಿ.'

ಅವನು ಹೋಳನ್ನು ಅವಳ ಅಂಗೈಯಲ್ಲಿಟ್ಟ. ಬೂದುಬಣ್ಣದ ಮೂರು ತೊಲೆಯ ತುಂಡು, ಮೇಲೆ ಎರಡು ಚೂರು ಹಳಿ, ಕೆಂಪು ಪಟ್ಟಿಯ ಒಂದು ಸಿಬಿರು. ಸ್ಕೇಲಿನ ಕಥೆ ಹೇಳಿದ. ಅವಳು ಸ್ಕೇಲನ್ನು ತನ್ನ ಟೇಪಿನ ಪಕ್ಕ ಹಿಡಿದು ತುದಿ ನೋಡಿದಳು.

'ಮಾವ ನಿಮಗೆ ಹೇಳಿರ್ಲಿಲ್ವಾ?'

'ಹೇಳಿದ್ರು. ನಾನು ಕೇಳಿಸ್ಕೊಂಡಿರ್ಲಿಲ್ಲ.'

ಅವಳು ಹೋಳಿಗೂ ಟೇಪು ಹಿಡಿದಳು. 'ಎಂಟು ಅಂದ್ರಿ, ಏಳೂ ಇಲ್ವಲ್ಲ ಇದು.'

'ಉಳಿದಿದ್ದು ಪುಡಿಯಾಗಿ ಹೋಯ್ತು.'

 ಆಮೇಲೆ ಅವನೇ, 'ಕಿಟಕಿ ಕಡೇ ಮೇಜು ತೆಗೀತೀನಿ' ಎಂದ. 'ಬಾಗ್ಲಿಗೆ ಅಡ್ಡ ಏನೂ ಇಡಲ್ಲ. ರೈಲು ಹೋಗಿ ವಾಪಸ್ ಬರ್ಲಿ, ಸುತ್ತೋದು ಬೇಡ.'

'ಎಷ್ಟು ಜಾಗ ಸಿಗುತ್ತೆ? ಮಶೀನಿನ ಮೇಜಿಗೆ ನೂರ ಏಳು ಸೆಂಟಿಮೀಟರ್ ಬೇಕು.'

ನಾಲಿಗೆ ತುದಿಗೆ ಅಂಕಿಯೊಂದು ಬಂತು. ಅವನು ಅದನ್ನು ನುಂಗಿಕೊಂಡ. 'ನೀನೇ ಬಂದು ಅಳೆದು ನೋಡು.'

ಅವಳು ಮಳಿಗೆಯವರಿಗೆ ಫೋನು ಮಾಡಿ, ಅಳತೆ ನೋಡಿ ನಾಳೆ ಬೆಳಿಗ್ಗೆ ತಿಳಿಸುತ್ತೇನೆ ಎಂದಳು. ಬಟ್ಟೆಯ ಚೀಲವನ್ನು ಮಾತ್ರ ಅಕ್ಕನ ಮನೆಯಲ್ಲೇ ಬಿಟ್ಟಳು; ಅದನ್ನು ಅವನು ಗಮನಿಸಿದ.

ಸಂಜೆ ಐದೂವರೆಗೆ ಅವನು ಕಿಟಕಿಯ ಕಡೆಯ ಮೇಜಿನ ಬೋಲ್ಟುಗಳನ್ನು ಬಿಚ್ಚಿದ. ನಿಲ್ದಾಣ, ಸಿಗ್ನಲ್ ಕಂಬ, ಅರ್ಧ ಬಣ್ಣ ಬಳಿದ ಗೋದಾಮು ಹೊತ್ತ ಹಲಗೆಯನ್ನು ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ಲಿಂಗಪ್ಪ ಹಿಡಿದು, ತೆರವಾಗಿದ್ದ ಬಾಗಿಲಿನಿಂದ ಹಾಲಿಗೆ ಒಯ್ದರು. 'ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ' ಎಂದ ಲಿಂಗಪ್ಪ. ಕಬ್ಬಿಣದ ಪೆಟ್ಟಿಗೆಗಳೂ ಹೋದ ಮೇಲೆ ಕಿಟಕಿಯ ಕೆಳಗೆ ನೆಲ ಕಾಣಿಸಿತು. ಅಲ್ಲಿ ಮಶೀನಿನ ನಾಲ್ಕು ಕಾಲುಗಳ ಹಳೆಯ ಗುರುತು ಇನ್ನೂ ಇತ್ತು.

ಯಶೋಧರಾ ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು ಗೋಡೆಗೆ ಒತ್ತಿ ಹಿಡಿಯಲು ಹೇಳಿದಳು. ಇನ್ನೊಂದು ತುದಿಯನ್ನು ಉಳಿದ ಮೇಜಿನ ಅಂಚಿನವರೆಗೆ ಎಳೆದು, ಕೂತು, ಕನ್ನಡಕ ಹಾಕಿಕೊಂಡು ಓದಿದಳು. ಓದಿದ್ದನ್ನು ಮತ್ತೊಮ್ಮೆ ನೋಡಿದಳು.

ನೂರ ಹದಿನೆಂಟು ಸೆಂಟಿಮೀಟರ್.